ಚೀಟಿ ಅಂಟಿಸುವ ಕೈ

ಸರ್ಕಾರಿ ಕಛೇರಿಗಳಲ್ಲಿ ಕೆಲಸ ಮಾಡಿದವರಿಗೆ, ಅಥವಾ ಕೆಲಸವಾಗಬೇಕೆಂದು ಅಲ್ಲಿಗೆ ಅಲೆದವರಿಗೆ, ಕಡತದ ಮೇಲೆ ಅಂಟಿಸುವ ಬಣ್ಣದ ಚೀಟಿಯ ಮಹಿಮೆ ಗೊತ್ತಿರುತ್ತದೆ. ‘ತುರ್ತು’ ಎಂಬ ಒಂದೇ ಮಾತನ್ನು ಬರೆದ ಚೀಟಿ ಬಿದ್ದೊಡನೆಯೇ, ವಾರಗಟ್ಟಲೆ ಮಲಗಿದ್ದ ಕಡತವು ಎದ್ದು ಮೇಜಿನಿಂದ ಮೇಜಿಗೆ ನಡೆಯತೊಡಗುತ್ತದೆ. ಕಡತದೊಳಗಿನ ವಿಷಯ ಆ ಚೀಟಿಯಿಂದ ಎಳ್ಳಷ್ಟೂ ಬದಲಾಗಿರುವುದಿಲ್ಲ. ಬದಲಾದುದು ಅದರ ಗತಿ ಮಾತ್ರ. ಮುಂದೆ ಅದು ಯಾರ ಕೈಗೆ ಹೋಗಬೇಕು, ಅವರು ಏನು ಮಾಡಬೇಕು, ಎಷ್ಟು ಬೇಗ ಮಾಡಬೇಕು ಎಂಬುದನ್ನು ಎರಡಂಗುಲದ ಕಾಗದ ನಿರ್ಧರಿಸಿಬಿಡುತ್ತದೆ. ಅನುಭವಿಗಳಾದ ಗುಮಾಸ್ತರು ಇನ್ನೊಂದು ಸಂಗತಿಯನ್ನೂ ಬಲ್ಲರು. ಚೀಟಿಯಲ್ಲಿ ಏನು ಬರೆದಿದೆ ಎಂದು ನೋಡಿದ ಮೇಲೆ, ಅದನ್ನು ಅಂಟಿಸಿದವರು ಯಾರು ಎಂದು ಅವರು ತಪ್ಪದೆ ವಿಚಾರಿಸುವರು.

ಈ ಹಳೆಯ ಚೀಟಿ ಈಗ ತೀರ ಹೊಸದಾದ ಒಂದು ಉದ್ಯೋಗದಲ್ಲಿ ಅಧಿಕಾರಕ್ಕೆ ಬಂದಿದೆ. ಗಣಕಯಂತ್ರಗಳಿಗೆ ಬೇಕಾದ ಸಾಫ್ಟ್‌ವೇರನ್ನು ಬರೆಯುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೇ ಒಪ್ಪಿಸಿ, ಅವು ಯಾವಾಗ ಯಾವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ಯಾರಿಗೆ ಒಪ್ಪಿಸಬೇಕು ಎಂಬುದನ್ನು ಚೀಟಿಗಳ ಮೂಲಕವೇ ಗೊತ್ತುಪಡಿಸುವ ಪದ್ಧತಿ ಬಳಕೆಗೆ ಬರುತ್ತಿದೆ. ಪದ್ಧತಿ ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಆದರೆ ಅದರಲ್ಲಿ ಎರಡು ಚೀಟಿಗಳು ಉಳಿದವುಗಳಂತಲ್ಲ. ಕೆಲಸವನ್ನು ಆರಂಭಿಸಲು ಅನುಮತಿ ಕೊಡುವುದು ಮೊದಲನೆಯದು. ಕೆಲಸ ಸರಿಯಾಗಿ ಮುಗಿಯಿತೆಂದು ಒಪ್ಪಿಕೊಳ್ಳುವುದು ಕಡೆಯದು. ಈ ಎರಡನ್ನು ಅಂಟಿಸುವ ಕೈ ಮನುಷ್ಯನದಾಗಿಯೇ ಉಳಿಯಬೇಕೆಂದು ವಾಚಕರ ಮುಂದೆ ವಾದಿಸಲು ಇಲ್ಲಿ ಯತ್ನಿಸಿದ್ದೇವೆ.

ಅಹವಾಲು ಮತ್ತು ಅದರ ಚೀಟಿ

ಸಾಫ್ಟ್‌ವೇರ್ ಒಮ್ಮೆ ಬರೆದು ಮುಗಿಸುವ ಗ್ರಂಥವಲ್ಲ. ಬಳಸಿದವರು ಅದರಲ್ಲಿ ತಪ್ಪುಗಳನ್ನು ಕಾಣುತ್ತಾರೆ. ಹೊಸ ಅನುಕೂಲಗಳನ್ನು ಬೇಡುತ್ತಾರೆ. ಇಂಥ ದೂರು ಮತ್ತು ಬೇಡಿಕೆಗಳಿಗೆ ಒಂದೊಂದು ಸಂಖ್ಯೆ ಕೊಟ್ಟು ದಾಖಲೆ ಮಾಡಿಡುವ ಕ್ರಮ ಬಹುಕಾಲದಿಂದ ನಡೆದುಬಂದಿದೆ. ಮೊಜಿಲ್ಲಾ ಬಳಗದವರ ‘ಬಗ್‌ಜಿಲ್ಲಾ’ ಎಂಬ ದಾಖಲೆಯ ವ್ಯವಸ್ಥೆ 1998ರಲ್ಲಿಯೇ ಬಳಕೆಗೆ ಬಂದಿತ್ತು. 2008ರಲ್ಲಿ ಆರಂಭವಾದ ಗಿಟ್‌ಹಬ್ ಈ ಕ್ರಮವನ್ನು ಲೋಕದಾದ್ಯಂತ ಹರಡಿತು. ಲಕ್ಷಾಂತರ ಸಾಫ್ಟ್‌ವೇರ್‌ಗಳ ಮೂಲಬರಹವನ್ನು ಇಟ್ಟುಕೊಂಡು, ಹಲವರು ಕೂಡಿ ತಿದ್ದಲು ಅವಕಾಶ ಕೊಡುವ ಉಗ್ರಾಣ ಅದು. ಅಲ್ಲಿ ದಾಖಲಾಗುವ ಒಂದೊಂದು ದೂರಿಗೂ ತಂತ್ರಜ್ಞರು ‘ಇಷ್ಯೂ’ ಎನ್ನುವರು. ನಾವು ಅದನ್ನು ಅಹವಾಲು ಎಂದು ಕರೆಯೋಣ. ಅಹವಾಲಿನ ಮೇಲೆ ಅಂಟಿಸುವ ಬಣ್ಣದ ಗುರುತಿಗೆ ‘ಲೇಬಲ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಅದೇ ಚೀಟಿ.

ಹೊಸ ಉಗ್ರಾಣವೊಂದನ್ನು ತೆರೆದೊಡನೆ ಗಿಟ್‌ಹಬ್ ಒಂಬತ್ತು ಚೀಟಿಗಳನ್ನು ತಾನೇ ಒದಗಿಸಿಕೊಡುತ್ತದೆ. ‘ಇದು ದೋಷ’, ‘ಇದು ಸುಧಾರಣೆ’, ‘ಇದು ಬರಿಯ ಪ್ರಶ್ನೆ’, ‘ಇದನ್ನು ಹಿಂದೆಯೇ ಹೇಳಿದ್ದಾರೆ’, ‘ಇದನ್ನು ಸರಿಪಡಿಸುವುದಿಲ್ಲ’, ‘ಹೊಸಬರ ಮೊದಲ ಕೆಲಸಕ್ಕೆ ತಕ್ಕುದು’ ಎಂಬ ಅರ್ಥದವು ಅವುಗಳಲ್ಲಿ ಸೇರಿವೆ. ಇವು ಬಹುಮಟ್ಟಿಗೆ ವಿಂಗಡಣೆಯ ಚೀಟಿಗಳು. ಅಂಚೆ ಕಛೇರಿಯಲ್ಲಿ ಕಾಗದಗಳನ್ನು ಊರೂರಿನ ಗೂಡಿಗೆ ಹಾಕುವಂತೆ ಅಹವಾಲುಗಳನ್ನು ಬೇರೆ ಬೇರೆ ಗುಂಪಿಗೆ ಸೇರಿಸುತ್ತವೆ.

ದೊಡ್ಡ ಬಳಗಗಳು ಚೀಟಿಯಿಂದ ಇನ್ನೂ ಹೆಚ್ಚಿನ ಕೆಲಸವನ್ನು ತೆಗೆದುಕೊಂಡವು. ರಸ್ಟ್ ಎಂಬ ಗಣಕಭಾಷೆಯ ಬಳಗದಲ್ಲಿ ‘ಪರಿಶೀಲಕರಿಗಾಗಿ ಕಾಯುತ್ತಿದೆ’, ‘ಬರೆದವರಿಗಾಗಿ ಕಾಯುತ್ತಿದೆ’ ಎಂಬ ಅರ್ಥದ ಚೀಟಿಗಳುಂಟು. ಈಗ ಯಾರ ಸರದಿ ಎಂಬುದು ನೋಡಿದೊಡನೆ ತಿಳಿಯುತ್ತದೆ. ಗೂಗಲ್ ಸಂಸ್ಥೆ 2014ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಕುಬರ್ನೆಟೀಸ್ ಎಂಬ ಸಾಫ್ಟ್‌ವೇರಿನ ಬಳಗದವರು ಮತ್ತೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ತಿದ್ದುಪಡಿಯೊಂದು ಮೂಲದಲ್ಲಿ ಸೇರಬೇಕಾದರೆ ಎರಡು ಚೀಟಿಗಳು ಬೇಕು. ‘ನನಗೆ ಸರಿಯೆನಿಸಿತು’ ಎಂಬ ಇಂಗ್ಲಿಷ್ ಮಾತಿನ ಆದ್ಯಕ್ಷರಗಳಾದ ‘ಎಲ್‌ಜಿಟಿಎಂ’ ಒಂದು. ‘ಅಪ್ರೂವ್ಡ್’, ಎಂದರೆ ‘ಅನುಮೋದಿಸಲಾಗಿದೆ’ ಎಂಬುದು ಇನ್ನೊಂದು. ಇವೆರಡೂ ಬಿದ್ದು, ತಡೆಯ ಚೀಟಿ ಯಾವುದೂ ಇಲ್ಲದೆ, ಪರೀಕ್ಷೆಗಳೆಲ್ಲ ತೇರ್ಗಡೆಯಾದರೆ, ‘ಪ್ರೌ’ ಎಂಬ ಸ್ವಯಂಚಾಲಿತ ವ್ಯವಸ್ಥೆ ತಾನಾಗಿಯೇ ತಿದ್ದುಪಡಿಯನ್ನು ಸೇರಿಸಿಬಿಡುತ್ತದೆ. ಇಲ್ಲಿ ಚೀಟಿಯು ವಿಂಗಡಣೆಯ ಗುರುತಾಗಿ ಉಳಿಯದೆ ಆಜ್ಞೆಯಾಗಿ ಪರಿಣಮಿಸಿರುವುದನ್ನು ವಾಚಕರು ಗಮನಿಸಬೇಕು.

ಕುಬರ್ನೆಟೀಸ್ ಬಳಗದ ಎರಡು ಸೂಕ್ಷ್ಮ ನಿಯಮಗಳು ನಮ್ಮ ವಾದಕ್ಕೆ ಮುಂದೆ ಬೇಕಾಗುತ್ತವೆ. ತಾನು ಬರೆದ ತಿದ್ದುಪಡಿಗೆ ತಾನೇ ‘ಸರಿಯೆನಿಸಿತು’ ಚೀಟಿಯನ್ನು ಯಾರೂ ಅಂಟಿಸಿಕೊಳ್ಳುವಂತಿಲ್ಲ ಎಂಬುದು ಮೊದಲನೆಯದು. ಆ ಚೀಟಿ ಬಿದ್ದ ಮೇಲೆ ಬರಹವನ್ನು ಬದಲಾಯಿಸಿದರೆ ಚೀಟಿ ಒಡನೆಯೇ ಉದುರಿಹೋಗುತ್ತದೆ ಎಂಬುದು ಎರಡನೆಯದು.

ಯಂತ್ರವು ಲೇಖನಿ ಹಿಡಿದಾಗ

ಇದುವರೆಗೆ ಹೇಳಿದ್ದರಲ್ಲಿ ಬರೆಯುವವನು ಮನುಷ್ಯ. ಚೀಟಿ ನೋಡಿ ಸಾಗಿಸುವುದಷ್ಟೇ ಯಂತ್ರದ ಕೆಲಸವಾಗಿತ್ತು. ಈಗ ಬರೆಯುವುದೂ ಯಂತ್ರದ ಪಾಲಿಗೆ ಬಂದಿದೆ. ಈ ಬದಲಾವಣೆ ಎಷ್ಟು ಶೀಘ್ರವಾಗಿ ನಡೆಯಿತೆಂಬುದಕ್ಕೆ ಒಂದು ಅಳತೆಗೋಲು ದೊರೆಯುತ್ತದೆ. 2023ರಲ್ಲಿ ಅಮೆರಿಕದ ಸಂಶೋಧಕರು 12 ಪ್ರಸಿದ್ಧ ಸಾಫ್ಟ್‌ವೇರ್‌ಗಳ ಉಗ್ರಾಣಗಳಿಂದ 2,294 ನಿಜವಾದ ಅಹವಾಲುಗಳನ್ನು ಆರಿಸಿ, ಇವನ್ನು ಪರಿಹರಿಸಿರೆಂದು ಭಾಷಾಯಂತ್ರಗಳಿಗೆ ಒಡ್ಡಿದರು. ‘ಎಸ್‌ಡಬ್ಲ್ಯುಇ-ಬೆಂಚ್’ ಎಂಬುದು ಆ ಪರೀಕ್ಷೆಯ ಹೆಸರು. ಅವರು ಮೊದಲು ಪ್ರಕಟಿಸಿದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲಾದ ಯಂತ್ರವೂ ನೂರಕ್ಕೆ ಎರಡನ್ನು ಪೂರ್ತಿ ಬಿಡಿಸಲಾರದೆ ಹೋಯಿತು. ಅದೇ ಅಹವಾಲುಗಳಿಂದ ಸೋಸಿ ತೆಗೆದ 500ರ ಪಟ್ಟಿಯೊಂದರಲ್ಲಿ 2025ರ ಹೊತ್ತಿಗೆ ಉತ್ತಮ ಯಂತ್ರಗಳು ನೂರಕ್ಕೆ 70ನ್ನು ದಾಟಿದವು. ಪಟ್ಟಿ ಬೇರೆಯಾದುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ತೂಗಲಾಗದು. ಆದರೂ ಗತಿ ಯಾವ ಕಡೆಗೆ ಎಂಬುದರಲ್ಲಿ ಸಂಶಯವಿಲ್ಲ. 2025ರ ಮೇ ತಿಂಗಳಿನಲ್ಲಿ ಗಿಟ್‌ಹಬ್, ಅಹವಾಲೊಂದನ್ನು ಸಹೋದ್ಯೋಗಿಗೆ ಹಂಚುವಂತೆ ಯಂತ್ರಕ್ಕೂ ಹಂಚಬಹುದೆಂದು ಪ್ರಕಟಿಸಿತು.

ಚೀಟಿಗಳಿಂದ ನಡೆಯುವ ಕಾರ್ಯಕ್ರಮದ ಸ್ವರೂಪ ಸಾಮಾನ್ಯವಾಗಿ ಹೀಗಿರುತ್ತದೆ. ಯಾರೋ ಒಬ್ಬರು ಅಹವಾಲು ಬರೆಯುತ್ತಾರೆ. ಉಗ್ರಾಣದ ಹೊಣೆ ಹೊತ್ತವರು ಅದನ್ನು ಓದಿ, ಬೇಕಾದರೆ ಪ್ರಶ್ನೆ ಕೇಳಿ, ಯೋಗ್ಯವೆಂದು ಕಂಡರೆ ‘ಯಂತ್ರಕ್ಕೆ ಸಿದ್ಧ’ ಎಂಬ ಚೀಟಿ ಅಂಟಿಸುತ್ತಾರೆ. ಚೀಟಿ ಬಿದ್ದ ಘಟನೆಯೇ ಗಂಟೆ ಬಾರಿಸಿದಂತೆ. ‘ಗಿಟ್‌ಹಬ್ ಆಕ್ಷನ್ಸ್’ ಎಂಬ ಸ್ವಯಂಚಾಲಿತ ಸೌಕರ್ಯ ಅದನ್ನು ಕೇಳಿ ಎಚ್ಚರಗೊಂಡು, ‘ಏಜೆಂಟ್’ ಎಂದು ಕರೆಸಿಕೊಳ್ಳುವ ಬರೆಯುವ ಯಂತ್ರವನ್ನು ಕೆಲಸಕ್ಕೆ ಹಚ್ಚುತ್ತದೆ. ಏಜೆಂಟು ‘ನಡೆಯುತ್ತಿದೆ’ ಎಂದು ಚೀಟಿ ಬದಲಿಸಿ, ಮೂಲಬರಹದ ಪ್ರತಿಯೊಂದನ್ನು ಬೇರೆ ಕವಲಿನಲ್ಲಿ ಇಟ್ಟುಕೊಂಡು, ಓದಿ, ತಿದ್ದಿ, ಪರೀಕ್ಷೆಗಳನ್ನು ನಡೆಸಿ, ತಿದ್ದುಪಡಿಯ ಪ್ರಸ್ತಾವವನ್ನು ಮುಂದಿಡುತ್ತದೆ. ಆಗ ‘ಪರಿಶೀಲನೆಗೆ’ ಎಂಬ ಚೀಟಿ ಬೀಳುತ್ತದೆ. ನಡುವೆ ಸಂದೇಹ ಬಂದರೆ ‘ಮನುಷ್ಯರ ಉತ್ತರ ಬೇಕು’ ಎಂಬ ಚೀಟಿ ಅಂಟಿಸಿ ಸುಮ್ಮನಾಗುತ್ತದೆ. ಕೆಲವೆಡೆ ಪರಿಶೀಲನೆಯನ್ನೂ ಇನ್ನೊಂದು ಯಂತ್ರಕ್ಕೆ ವಹಿಸುವರು.

ಈ ಪದ್ಧತಿಯ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ಚೀಟಿಯನ್ನು ಮನುಷ್ಯನೂ ಓದಬಲ್ಲ, ಯಂತ್ರವೂ ಓದಬಲ್ಲದು; ಇಬ್ಬರಿಗೂ ಬೇರೆ ಬೇರೆ ಭಾಷೆ ಬೇಕಾಗಿಲ್ಲ. ಕೆಲಸ ಎಲ್ಲಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾವ ಚೀಟಿಯನ್ನು ಯಾರು ಯಾವಾಗ ಅಂಟಿಸಿದರು, ಯಾರು ತೆಗೆದರು ಎಂಬ ದಾಖಲೆ ಅಹವಾಲಿನ ಚರಿತ್ರೆಯಲ್ಲಿ ಉಳಿಯುತ್ತದೆ. ಒಂದು ಏಜೆಂಟು ನಡುವೆ ಕೆಟ್ಟು ನಿಂತರೂ ಕೆಲಸದ ಸ್ಥಿತಿ ಅದರೊಡನೆ ಅಳಿಯುವುದಿಲ್ಲ. ಇಷ್ಟೆಲ್ಲ ಅನುಕೂಲವನ್ನು ಇಷ್ಟು ಅಲ್ಪ ಸಾಧನದಿಂದ ಪಡೆಯುವುದು ಮೆಚ್ಚತಕ್ಕ ವಿಷಯವೇ ಸರಿ.

ಚೀಟಿಯಿಂದ ಆಗದ ಕೆಲಸಗಳು

ಆದರೆ ಚೀಟಿಯ ಶಕ್ತಿಗೆ ಮಿತಿಯಿದೆ. ಮೊದಲನೆಯದಾಗಿ, ಚೀಟಿ ಬೀಗವಲ್ಲ. ನಮ್ಮ ರೈಲುಗಳಲ್ಲಿ ಹಿಂದೆ ಬಹುವಾಗಿ ಬಳಕೆಯಲ್ಲಿದ್ದ ‘ನೀಲ್ಸ್ ಟೋಕನ್’ ಎಂಬ ಉಪಕರಣವನ್ನು ಹಿರಿಯ ವಾಚಕರು ಬಲ್ಲರು. ಒಂಟಿ ಹಳಿಯ ದಾರಿಯಲ್ಲಿ ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಹೊರಡುವ ಗಾಡಿಯ ಚಾಲಕನಿಗೆ ಒಂದು ಉಕ್ಕಿನ ಚೆಂಡನ್ನು ಚೀಲದಲ್ಲಿಟ್ಟು ಕೊಡುತ್ತಿದ್ದರು. ಎರಡು ನಿಲ್ದಾಣಗಳ ಪೆಟ್ಟಿಗೆಗಳು ವಿದ್ಯುತ್ ತಂತಿಯಿಂದ ಕೂಡಿಕೊಂಡಿರುತ್ತಿದ್ದುವು. ಒಂದು ಚೆಂಡು ಹೊರಗಿರುವಾಗ ಇನ್ನೊಂದು ಚೆಂಡು ಎರಡೂ ಕಡೆ ಹೊರಬಾರದು. ಚೆಂಡಿಲ್ಲದೆ ಗಾಡಿ ಹೊರಡುವಂತಿಲ್ಲ. ಹೀಗಾಗಿ ಎದುರುಬದುರಾಗಿ ಎರಡು ಗಾಡಿಗಳು ಒಂದೇ ಹಳಿಯ ಮೇಲೆ ಬರುವ ಸಂಭವವನ್ನು ಆ ಪೆಟ್ಟಿಗೆಗಳೇ ತಡೆಯುತ್ತಿದ್ದುವು. ಗಣಕವಿಜ್ಞಾನದಲ್ಲಿ ಇದೇ ಸಮಸ್ಯೆಗೆ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಪರಿಹಾರ ಸೂಚಿಸಿದಾಗ, ಅದಕ್ಕೆ ‘ಸೆಮಾಫೋರ್’ ಎಂಬ ಹೆಸರನ್ನು ಬಳಸಿದರು. ರೈಲಿನ ಕೈಕಂಬಕ್ಕೂ ಅದೇ ಹೆಸರು.

ಗಿಟ್‌ಹಬ್ಬಿನ ಚೀಟಿಗೆ ಆ ಚೆಂಡಿನ ಗುಣವಿಲ್ಲ. ಎರಡು ಏಜೆಂಟುಗಳು ಒಂದೇ ಕ್ಷಣದಲ್ಲಿ ‘ಸಿದ್ಧ’ ಎಂಬುದನ್ನು ಓದಿ, ಎರಡೂ ‘ನಡೆಯುತ್ತಿದೆ’ ಎಂದು ಅಂಟಿಸಿದರೆ, ಎರಡನೆಯದಕ್ಕೆ ತಡೆಯೇನೂ ಬರುವುದಿಲ್ಲ. ಇರುವ ಚೀಟಿಯನ್ನೇ ಮತ್ತೆ ಅಂಟಿಸಿದರೆ ಅದು ತಪ್ಪೆಂದು ಎಣಿಕೆಯಾಗದು. ‘ಸಿದ್ಧ’ ಮತ್ತು ‘ಮುಗಿದಿದೆ’ ಎಂಬ ವಿರುದ್ಧ ಚೀಟಿಗಳು ಒಂದೇ ಅಹವಾಲಿನ ಮೇಲೆ ಒಟ್ಟಿಗೆ ಕುಳಿತರೂ ಯಾರೂ ಕೇಳುವುದಿಲ್ಲ. ಏಜೆಂಟು ನಡುವೆ ನಿಂತುಹೋದರೆ ‘ನಡೆಯುತ್ತಿದೆ’ ಎಂಬ ಚೀಟಿ, ವರ್ಗವಾಗಿ ಹೋದ ಗುಮಾಸ್ತನ ಮೇಜಿನ ಮೇಲಿನ ಕಡತದಂತೆ, ವರ್ಷಗಟ್ಟಲೆ ಅಲ್ಲಿಯೇ ಉಳಿಯಬಹುದು. ಇವಕ್ಕೆ ಪರಿಹಾರಗಳಿಲ್ಲದೆ ಇಲ್ಲ. ಅಹವಾಲಿನ ಸಂಖ್ಯೆಯ ಹೆಸರಿನಲ್ಲಿಯೇ ಕವಲನ್ನು ತೆರೆಯಬೇಕೆಂದು ನಿಯಮ ಮಾಡಬಹುದು. ಒಂದೇ ಹೆಸರಿನ ಕವಲನ್ನು ಎರಡನೆಯ ಸಲ ಹೊಸದಾಗಿ ತೆರೆಯಹೋದರೆ ಗಿಟ್‌ಹಬ್ ನಿರಾಕರಿಸುವುದರಿಂದ, ಅಲ್ಲಿ ಚೆಂಡಿನ ಗುಣ ತಾನಾಗಿ ದೊರೆಯುತ್ತದೆ. ಗಡುವು ಮೀರಿದ ಚೀಟಿಗಳನ್ನು ಹುಡುಕಿ ತೆಗೆಯುವ ಕಾವಲನ್ನೂ ಇಡಬಹುದು. ಒಟ್ಟಿನಲ್ಲಿ, ಚೀಟಿ ಸ್ಥಿತಿಯನ್ನು ತೋರಿಸುವ ಫಲಕವಾಗಲಿ; ಕಾವಲಿನ ಕೆಲಸಕ್ಕೆ ಬೇರೆ ಸಾಧನವಿರಲಿ.

ಎರಡನೆಯದು ಕೊನೆಯಿಲ್ಲದ ಸುತ್ತಿನ ಅಪಾಯ. ಒಂದು ಯಂತ್ರದ ಚೀಟಿ ಇನ್ನೊಂದನ್ನು ಎಬ್ಬಿಸಿ, ಅದರ ಚೀಟಿ ಮತ್ತೆ ಮೊದಲನೆಯದನ್ನು ಎಬ್ಬಿಸಿದರೆ, ಇಬ್ಬರು ಜಾಣರು ‘ತಾವು ಮೊದಲು, ತಾವು ಮೊದಲು’ ಎಂದು ಬಾಗಿಲಲ್ಲೇ ನಿಂತಂತಾಗುತ್ತದೆ. ವ್ಯತ್ಯಾಸವೇನೆಂದರೆ ಇಲ್ಲಿ ಪ್ರತಿ ಉಪಚಾರಕ್ಕೂ ಹಣ ಖರ್ಚಾಗುತ್ತದೆ. ಗಿಟ್‌ಹಬ್ ಇದನ್ನು ಮುಂಗಂಡು ಒಂದು ತಡೆಯನ್ನಿಟ್ಟಿದೆ. ಸ್ವಯಂಚಾಲಿತ ಕೆಲಸಕ್ಕೆ ಅದು ತಾನಾಗಿ ಕೊಡುವ ಅಧಿಕಾರಪತ್ರದಿಂದ ಅಂಟಿಸಿದ ಚೀಟಿಯು ಬೇರೊಂದು ಸ್ವಯಂಚಾಲಿತ ಕೆಲಸವನ್ನು ಎಬ್ಬಿಸುವುದಿಲ್ಲ. ಕೆಲವರಿಗೆ ಇದು ಅಡ್ಡಿಯೆನಿಸಿ, ಹೆಚ್ಚಿನ ಅಧಿಕಾರದ ಪತ್ರವನ್ನು ಯಂತ್ರಕ್ಕೆ ಕೊಟ್ಟು ತಡೆಯನ್ನು ದಾಟಿಸುವರು. ಬೇಲಿಯನ್ನು ಯಾಕೆ ಹಾಕಿದ್ದರೆಂದು ತಿಳಿಯದೆ ಕೀಳುವವರ ತೋಟಕ್ಕೆ ದನ ನುಗ್ಗುವುದು ಸಹಜ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಚೀಟಿಗೆ ಅರ್ಥ ತಿಳಿಯದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಊರಿನ ಗ್ರಂಥಾಲಯವೊಂದರಲ್ಲಿ, ತಡವಾಗಿ ಹಿಂದಿರುಗಿಸಿದ ಪುಸ್ತಕಕ್ಕೆ ದಂಡದ ಲೆಕ್ಕ ಹಾಕುವ ಸಾಫ್ಟ್‌ವೇರ್ ಇದೆ. ‘ರಜೆಯ ದಿನಗಳಿಗೂ ದಂಡ ಹಾಕುತ್ತಿದೆ, ಸರಿಪಡಿಸಿರಿ’ ಎಂದು ಅಹವಾಲು ಬರುತ್ತದೆ. ಮಾತು ಸರಳವಾಗಿಯೇ ಇದೆ. ಆದರೆ ರಜೆ ಎಂದರೆ ಗ್ರಂಥಾಲಯದ ವಾರದ ರಜೆಯೋ, ಸರ್ಕಾರಿ ರಜೆಯೋ, ಎರಡೂ ಸೇರಿಯೋ? ಹಿಂದಿರುಗಿಸಬೇಕಾದ ದಿನವೇ ರಜೆಯಾಗಿದ್ದರೆ ಮರುದಿನಕ್ಕೆ ಗಡುವು ಹೋಗಬೇಕೋ, ಅಥವಾ ತಡವಾದ ಹತ್ತು ದಿನಗಳಲ್ಲಿ ನಡುವೆ ಬಂದ ಎರಡು ರಜೆಗಳನ್ನು ಕಳೆದು ಎಂಟು ದಿನಕ್ಕೆ ದಂಡ ಹಾಕಬೇಕೋ? ಗ್ರಂಥಪಾಲಕರನ್ನು ಕೇಳಿದರೆ ಒಂದು ನಿಮಿಷದಲ್ಲಿ ಉತ್ತರ ಸಿಕ್ಕೀತು. ‘ಸಿದ್ಧ’ ಎಂಬ ಚೀಟಿಯನ್ನು ಕಂಡ ಯಂತ್ರ ಕೇಳದೆಯೂ ಹೋಗಬಹುದು. ತನಗೆ ತೋರಿದ ಒಂದು ಅರ್ಥವನ್ನು ಹಿಡಿದು ಬರೆದುಬಿಡಬಹುದು. ಆ ಅರ್ಥಕ್ಕೆ ಹೊಂದುವಂತೆ ಪರೀಕ್ಷೆಯನ್ನೂ ತಾನೇ ರಚಿಸಿ ತೇರ್ಗಡೆಯಾಗಬಹುದು. ಪ್ರಶ್ನೆಪತ್ರಿಕೆಯನ್ನು ಬರೆದವನೂ, ಉತ್ತರ ಬರೆದವನೂ, ಅಂಕ ಕೊಟ್ಟವನೂ ಒಬ್ಬನೇ ಆದರೆ ಪ್ರಥಮ ದರ್ಜೆಯೇ ಬರುವುದು.

ಇದು ಬರಿಯ ಕಲ್ಪನೆಯಲ್ಲವೆಂಬುದನ್ನು ಮೇಲೆ ಹೇಳಿದ ಪರೀಕ್ಷೆಯ ಚರಿತ್ರೆಯೇ ತೋರಿಸುತ್ತದೆ. 2024ರಲ್ಲಿ ಓಪನ್‌ಎಐ ಸಂಸ್ಥೆಯು ಆ ಅಹವಾಲುಗಳಲ್ಲಿ 1,699ನ್ನು 93 ಮಂದಿ ಅನುಭವಿ ತಂತ್ರಜ್ಞರಿಂದ ಓದಿಸಿತು. ನೂರಕ್ಕೆ 38ರಷ್ಟು ಅಹವಾಲುಗಳಲ್ಲಿ ಏನು ಬೇಕೆಂಬುದೇ ಸ್ಪಷ್ಟವಾಗಿಲ್ಲವೆಂದೂ, ನೂರಕ್ಕೆ 61ರಷ್ಟರಲ್ಲಿ ಸರಿಯಾದ ಉತ್ತರವನ್ನೂ ತಪ್ಪೆನ್ನಬಹುದಾದ ಪರೀಕ್ಷೆಗಳಿವೆಯೆಂದೂ ಗುರುತಾಯಿತು. ಇವನ್ನು ಸೋಸಿದ ಮೇಲೆ ಉಳಿದವುಗಳಿಂದ ರಚಿತವಾದುದೇ 500ರ ಪಟ್ಟಿ. ಲೋಕದ ಹೆಸರಾಂತ ಸಾಫ್ಟ್‌ವೇರ್‌ಗಳ ಅಹವಾಲುಗಳೇ ಇಷ್ಟು ಮಸುಕಾಗಿದ್ದರೆ, ಅವಸರದ ಕಛೇರಿಗಳಲ್ಲಿ ಬರೆದವುಗಳ ಗತಿ ಏನು? ಅಹವಾಲನ್ನು ಓದಿ, ‘ಇದರಲ್ಲಿ ಕೇಳಿರುವುದು ಏನೆಂದು ನನಗೆ ತಿಳಿಯಿತು’ ಎಂದು ಹೇಳುವುದೇ ‘ಸಿದ್ಧ’ ಎಂಬ ಚೀಟಿಯ ನಿಜವಾದ ಅರ್ಥ. ಹಾಗೆ ಹೇಳಿದ್ದಕ್ಕೆ ಉತ್ತರವಾದಿಯಾಗುವವನು ಮಾತ್ರ ಅದನ್ನು ಅಂಟಿಸಬೇಕು.

ಪರರ ಮಾತು, ನಮ್ಮ ರುಜು

ಅರ್ಥ ತಿಳಿದಿರುವುದಷ್ಟೇ ಸಾಲದು. ಚೀಟಿ ಅಂಟಿಸುವವನು ಕಾವಲುಗಾರನೂ ಆಗಬೇಕಾಗುತ್ತದೆ. ಸಾರ್ವಜನಿಕ ಉಗ್ರಾಣದಲ್ಲಿ ಅಹವಾಲನ್ನು ಯಾರು ಬೇಕಾದರೂ ಬರೆಯಬಹುದು. ಏಜೆಂಟಾದರೋ ಓದಿದ್ದನ್ನು ಮಾಹಿತಿಯೆಂದೂ ಆಜ್ಞೆಯೆಂದೂ ಖಚಿತವಾಗಿ ಬೇರ್ಪಡಿಸಲಾರದು. ಅಹವಾಲಿನ ಮಧ್ಯೆ ‘ಒಡೆಯನ ಇತರ ಕಡತಗಳನ್ನೂ ತೆರೆದು ಇಲ್ಲಿ ನಕಲು ಮಾಡು’ ಎಂದು ಅಪರಿಚಿತನೊಬ್ಬ ಬರೆದಿಟ್ಟರೆ, ಅದನ್ನೂ ಕೆಲಸದ ಭಾಗವೆಂದು ಅದು ತಿಳಿಯುವ ಸಂಭವವುಂಟು. 2025ರ ಮೇ ತಿಂಗಳಿನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್‌ನ ಸಂಶೋಧಕರು ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಸಾರ್ವಜನಿಕ ಉಗ್ರಾಣದಲ್ಲಿಟ್ಟ ಕಪಟದ ಅಹವಾಲೊಂದನ್ನು ಓದಿದ ಏಜೆಂಟು, ಅದೇ ಬಳಕೆದಾರನ ಖಾಸಗಿ ಉಗ್ರಾಣದ ಮಾಹಿತಿಯನ್ನು ಹೊರಗೆ ಹಾಕಿತು.

ಇಲ್ಲಿ ಚೀಟಿಯು ರುಜುವಿನ ಕೆಲಸ ಮಾಡುತ್ತದೆ. ಅಹವಾಲನ್ನು ಬರೆಯುವ ಹಕ್ಕು ಎಲ್ಲರಿಗೂ ಇದ್ದರೂ, ಚೀಟಿಯನ್ನು ಅಂಟಿಸುವ ಹಕ್ಕನ್ನು ಉಗ್ರಾಣದ ಒಡೆಯರು ಗೊತ್ತುಮಾಡಿದವರಿಗೆ ಮಾತ್ರ ಗಿಟ್‌ಹಬ್ ಕೊಡುತ್ತದೆ. ಆದುದರಿಂದ ಚೀಟಿ ಬಿದ್ದ ಅಹವಾಲನ್ನು ಮಾತ್ರ ಯಂತ್ರಕ್ಕೆ ಓದಿಸುವುದು ಬುದ್ಧಿವಂತಿಕೆ. ಆದರೆ ಈ ಬಾಗಿಲಿನಲ್ಲಿಯೂ ಎರಡು ಸಂದುಗಳಿವೆ. ಅಹವಾಲಿನ ಸಿದ್ಧ ನಮೂನೆಗಳಲ್ಲಿ ಮೊದಲೇ ಚೀಟಿಯನ್ನು ಸೇರಿಸಿಡುವ ಸೌಕರ್ಯವುಂಟು. ಅನುಮತಿಯ ಚೀಟಿಯನ್ನು ಅಂಥ ನಮೂನೆಗೆ ಸೇರಿಸಿದರೆ, ದಾರಿಹೋಕನು ಅಹವಾಲು ಬರೆದೊಡನೆ ನಮ್ಮ ರುಜು ತಾನಾಗಿ ಬಿದ್ದಂತಾಯಿತು. ಎರಡನೆಯದಾಗಿ, ಚೀಟಿ ಬಿದ್ದ ಮೇಲೆ ಬರೆದವನು ಅಹವಾಲನ್ನು ತಿದ್ದಬಹುದು. ನಾವು ಓದಿದ್ದು ಒಂದು, ಯಂತ್ರ ಓದುವುದು ಇನ್ನೊಂದು ಆಗಬಹುದು. ಸಾಲಪತ್ರಕ್ಕೆ ರುಜು ಹಾಕಿಸಿಕೊಂಡ ಮೇಲೆ ಸೊನ್ನೆ ಸೇರಿಸಿದ ಕಥೆಗಳನ್ನು ನಮ್ಮ ಹಳ್ಳಿಯವರು ಬಲ್ಲರು. ಕುಬರ್ನೆಟೀಸ್ ಬಳಗದ ಎರಡನೆಯ ನಿಯಮದ ಮಹತ್ತ್ವ ಇಲ್ಲಿ ತಿಳಿಯುತ್ತದೆ. ಬರಹ ಬದಲಾದರೆ ಒಪ್ಪಿಗೆ ಉದುರಬೇಕು. ಮನುಷ್ಯನು ಒಪ್ಪಿದ್ದು ಇಂಥ ಗಳಿಗೆಯ ಇಂಥ ಬರಹವನ್ನು; ಆ ಸಂಖ್ಯೆಯ ಕೆಳಗೆ ಮುಂದೆ ಬರುವುದೆಲ್ಲವನ್ನೂ ಅಲ್ಲ.

ಕಡೆಯ ಚೀಟಿಗೂ ಇದೇ ನ್ಯಾಯ. ತಾನು ಬರೆದುದನ್ನು ತಾನೇ ಒಪ್ಪಬಾರದೆಂಬ ನಿಯಮವನ್ನು ಮನುಷ್ಯರು ತಮ್ಮ ಮೇಲೆ ತಾವೇ ಹಾಕಿಕೊಂಡಿರುವಾಗ, ಯಂತ್ರಕ್ಕೆ ಅದರಿಂದ ವಿನಾಯಿತಿ ಏಕೆ? ಪರಿಶೀಲನೆಗೆ ಎರಡನೆಯ ಯಂತ್ರವನ್ನು ಇಡುವುದರಿಂದ ಎಷ್ಟೋ ತಪ್ಪುಗಳು ಸಿಕ್ಕುತ್ತವೆ. ಅದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಎರಡೂ ಒಂದೇ ಬಗೆಯ ಶಿಕ್ಷಣ ಪಡೆದವಾದರೆ, ಒಂದು ತಪ್ಪಾಗಿ ತಿಳಿದುದನ್ನು ಇನ್ನೊಂದೂ ಹಾಗೆಯೇ ತಿಳಿಯುವ ಸಾಧ್ಯತೆಯಿದೆ. ಅಲ್ಲದೆ ನಾಳೆ ದಂಡದ ಲೆಕ್ಕ ತಪ್ಪಿ ಬಡ ವಿದ್ಯಾರ್ಥಿಯೊಬ್ಬ ಗ್ರಂಥಾಲಯದ ಬಾಗಿಲಲ್ಲಿ ನಿಂತು ಕೇಳಿದರೆ, ಉತ್ತರ ಹೇಳಲು ಎದ್ದು ನಿಲ್ಲಬಲ್ಲ ಒಬ್ಬ ವ್ಯಕ್ತಿ ಇರಬೇಕು.

ಎರಡು ಆಕ್ಷೇಪಣೆಗಳು

ನಮ್ಮ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ವೇಗದ್ದು. ಯಂತ್ರವು ದಿನಕ್ಕೆ ನೂರು ಪ್ರಸ್ತಾವಗಳನ್ನು ಕೊಡಬಲ್ಲದಾದರೆ, ಹತ್ತನ್ನು ಮಾತ್ರ ಓದಬಲ್ಲ ಮನುಷ್ಯನನ್ನು ನಡುವೆ ನಿಲ್ಲಿಸುವುದು ಹೊಳೆಗೆ ಅಡ್ಡಲಾಗಿ ಕೈಯೊಡ್ಡಿದಂತಲ್ಲವೆ ಎಂದು ಕೇಳುವರು. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಅವರು 1950ರ ದಶಕದಲ್ಲಿ ಬೆಳೆಸಿದ ‘ಕನ್‌ಬನ್’ ಪದ್ಧತಿ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿಯೂ ಕೆಲಸ ನಡೆಯುವುದು ಚೀಟಿಯಿಂದಲೇ. ಮುಂದಿನ ವಿಭಾಗದಿಂದ ಚೀಟಿ ಬಾರದೆ ಹಿಂದಿನ ವಿಭಾಗ ಒಂದು ಭಾಗವನ್ನೂ ತಯಾರಿಸುವಂತಿಲ್ಲ. ಚೀಟಿಗಳ ಸಂಖ್ಯೆಯನ್ನು ಮಿತಗೊಳಿಸಿದ್ದರಿಂದ, ಯಾರೂ ಕೇಳದ ಸರಕು ರಾಶಿ ಬೀಳುವುದು ನಿಂತಿತು. ಓದದೆ ಬಿದ್ದಿರುವ ತೊಂಬತ್ತು ಪ್ರಸ್ತಾವಗಳು ಸಂಪತ್ತಲ್ಲ. ದಿನಗಳೆದಂತೆ ಮೂಲಬರಹ ಬದಲಾಗುತ್ತ ಹೋಗುವುದರಿಂದ ಅವು ಹಳಸುವ ಅನ್ನ. ಓದಲು ಸಾಧ್ಯವಿರುವಷ್ಟಕ್ಕೆ ಮಾತ್ರ ‘ಸಿದ್ಧ’ ಎಂಬ ಚೀಟಿ ಅಂಟಿಸಿದರೆ ಸರಿಹೋಯಿತು.

ಎರಡನೆಯ ಆಕ್ಷೇಪಣೆ ಇನ್ನೂ ತೂಕವುಳ್ಳದ್ದು. ಮನುಷ್ಯನ ಕೈಯಲ್ಲಿ ಚೀಟಿ ಕೊಟ್ಟರೆ ಅವನು ಓದಿಯೇ ಅಂಟಿಸುವನೆಂದು ಏನು ಭರವಸೆ? ಕಣ್ಣುಮುಚ್ಚಿ ಮೊಹರು ಒತ್ತುವ ಅಧಿಕಾರಿಗಳನ್ನು ನಾವು ಕಂಡಿಲ್ಲವೆ? ಈ ಮಾತು ನಿಜ; ಇದಕ್ಕೆ ಪೂರ್ಣವಾದ ಔಷಧ ನಮ್ಮಲ್ಲಿಲ್ಲ. ಆದರೂ ರೋಗವನ್ನು ತಗ್ಗಿಸುವ ಪಥ್ಯವುಂಟು. ಒಂದೊಂದು ಅಹವಾಲೂ ಚಿಕ್ಕದಾಗಿರಲಿ; ಹಾಗಾದರೆ ಓದುವ ಮನಸ್ಸು ಬರುತ್ತದೆ. ಚೀಟಿಗಳು ಕೆಲವೇ ಇರಲಿ. ಒಂದೊಂದಕ್ಕೂ ಒಂದೇ ಅರ್ಥವಿರಲಿ. ಅದನ್ನು ಯಾರು ಅಂಟಿಸಬೇಕು, ಯಾರು ತೆಗೆಯಬೇಕು ಎಂಬುದು ಒಂದು ಪುಟದಲ್ಲಿ ಬರೆದಿರಲಿ. ಕಾಗುಣಿತ ತಿದ್ದುವಂಥ ಕೆಲಸಕ್ಕೂ ಹಣದ ಲೆಕ್ಕ ಮುಟ್ಟುವ ಕೆಲಸಕ್ಕೂ ಒಂದೇ ಪರಿಶೀಲನೆ ಬೇಕಾಗಿಲ್ಲ. ಅಪಾಯವಿಲ್ಲದ, ಸುಲಭವಾಗಿ ಹಿಂದೆಗೆದುಕೊಳ್ಳಬಹುದಾದ ತಿದ್ದುಪಡಿಗಳಿಗೆ ಸಡಿಲ ದಾರಿಯನ್ನು ಬಿಡುವುದರಲ್ಲಿ ತಪ್ಪಿಲ್ಲ. ನಡುವಿನ ಚೀಟಿಗಳಾದ ‘ನಡೆಯುತ್ತಿದೆ’, ‘ಪರಿಶೀಲನೆಗೆ’, ‘ಉತ್ತರ ಬೇಕು’ ಎಂಬುವನ್ನು ಯಂತ್ರವೇ ಅಂಟಿಸಿಕೊಳ್ಳಲಿ. ಕೆಲಸದ ವರದಿಯನ್ನು ಕೆಲಸ ಮಾಡುವವನೇ ಕೊಡುವುದು ಲೋಕರೂಢಿ.

ಹೊಸಬರ ಚೀಟಿ

ಮುಗಿಸುವ ಮೊದಲು ಇನ್ನೊಂದು ಚೀಟಿಯ ಮಾತನ್ನು ಹೇಳಬೇಕಾಗಿದೆ. ಗಿಟ್‌ಹಬ್ಬಿನ ಒಂಬತ್ತರಲ್ಲಿ ‘ಹೊಸಬರ ಮೊದಲ ಕೆಲಸಕ್ಕೆ ತಕ್ಕುದು’ ಎಂಬ ಅರ್ಥದ ಚೀಟಿಯೊಂದಿದೆಯೆಂದು ಮೇಲೆ ಹೇಳಿದೆವು. ಸಣ್ಣದಾದ, ಸ್ಪಷ್ಟವಾದ, ದೊಡ್ಡ ಹಾನಿಯಾಗದ ಕೆಲಸಗಳನ್ನು ಹಿರಿಯರು ತಾವು ಮಾಡದೆ, ಕಲಿಯುವವರಿಗಾಗಿ ಬಿಟ್ಟಿಡುತ್ತಿದ್ದರು. ತಾವೇ ಮಾಡಿದ್ದರೆ ಹತ್ತು ನಿಮಿಷ; ಹೊಸಬನಿಗೆ ತಿಳಿಯಹೇಳುವುದಕ್ಕೆ ಎರಡು ಗಂಟೆ. ಆದರೂ ಬಿಟ್ಟಿಡುತ್ತಿದ್ದರು. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಕಾಲೇಜಿನ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು, ತಾನು ಕಾಣದ ದೇಶದ ಪರಿಣತನಿಂದ ತನ್ನ ನಾಲ್ಕು ಸಾಲಿನ ತಿದ್ದುಪಡಿಗೆ ಟೀಕೆ ಪಡೆದು, ಮತ್ತೆ ತಿದ್ದಿ, ಕಡೆಗೆ ಒಪ್ಪಿಗೆ ಪಡೆಯಲು ಆ ಚೀಟಿ ಬಾಗಿಲಾಗಿತ್ತು.

ಯಂತ್ರಕ್ಕೆ ಅತ್ಯಂತ ಚೆನ್ನಾಗಿ ಒಗ್ಗುವ ಕೆಲಸಗಳೂ ಇಂಥವೇ ಎಂಬುದನ್ನು ಗಮನಿಸಬೇಕು: ಸಣ್ಣವು, ಸ್ಪಷ್ಟವಾದವು, ಹಾನಿಯಿಲ್ಲದವು. ಆದುದರಿಂದ ‘ಹೊಸಬರಿಗೆ’ ಎಂಬ ಚೀಟಿಯನ್ನು ಕಿತ್ತು ‘ಯಂತ್ರಕ್ಕೆ’ ಎಂಬ ಚೀಟಿಯನ್ನು ಅಂಟಿಸುವ ಆಸೆ ಹುಟ್ಟುವುದು ಸಹಜ. ಒಂದೊಂದು ಸಲ ನೋಡಿದರೆ ಅದರಲ್ಲಿ ಲಾಭವೇ ಕಾಣುತ್ತದೆ. ಆದರೆ ಮಸುಕಾದ ಅಹವಾಲಿನಲ್ಲಿ ಕೇಳದೆ ಉಳಿದ ಪ್ರಶ್ನೆಯನ್ನು ಗುರುತಿಸುವ ಕಣ್ಣು ಎಲ್ಲಿಂದ ಬರುತ್ತದೆ? ತೇರ್ಗಡೆಯಾದ ಪರೀಕ್ಷೆಯನ್ನೂ ಸಂಶಯದಿಂದ ನೋಡುವ ಅಭ್ಯಾಸ ಹೇಗೆ ಬೆಳೆಯುತ್ತದೆ? ಸಣ್ಣ ಕೆಲಸಗಳನ್ನು ಕೈಯಾರೆ ಮಾಡಿ, ಕೆಡಿಸಿ, ಬೈಸಿಕೊಂಡು ಸರಿಪಡಿಸಿದವರಲ್ಲಿ ಅದ��� ಬೆಳೆದುದನ್ನು ನಾವು ಕಂಡಿದ್ದೇವೆ. ಬೇರೆ ದಾರಿಯಿದೆಯೆಂದು ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ. ಅನುಮತಿಯ ಚೀಟಿಯೂ ಒಪ್ಪಿಗೆಯ ಚೀಟಿಯೂ ಮನುಷ್ಯನ ಕೈಯಲ್ಲಿರಬೇಕೆಂದು ಇಷ್ಟು ಹೊತ್ತು ವಾದಿಸಿದೆವು. ಆ ಕೈಯನ್ನು ತಯಾರು ಮಾಡುವ ಶಾಲೆಯನ್ನೇ ಮುಚ್ಚಿದರೆ, ಇಪ್ಪತ್ತು ವರ್ಷಗಳ ತರುವಾಯ ಚೀಟಿ ಇರುತ್ತದೆ, ಹಕ್ಕಿರುತ್ತದೆ, ಅಂಟಿಸಲು ಬಲ್ಲ ಕೈ ಇರುವುದಿಲ್ಲ.

ಆದುದರಿಂದ ಉಗ್ರಾಣಗಳ ಹೊಣೆ ಹೊತ್ತವರಲ್ಲಿ ನಮ್ಮದೊಂದು ವಿಜ್ಞಾಪನೆ. ಯಂತ್ರಕ್ಕೆ ಧಾರಾಳವಾಗಿ ಕೆಲಸ ಕೊಡಿರಿ. ಹೊಸಬರ ಚೀಟಿ ಬಿದ್ದ ಕೆಲವು ಅಹವಾಲುಗಳನ್ನು ಮಾತ್ರ ಅದರ ಕಣ್ಣಿಗೆ ಬೀಳದಂತೆ ತೆಗೆದಿಡಿರಿ. ಬಿತ್ತನೆಯ ಜೋಳವನ್ನು ನಮ್ಮ ರೈತನು ಎಂಥ ಬರದಲ್ಲಿಯೂ ಬೇರೆಯಾಗಿಯೇ ಕಟ್ಟಿಡುತ್ತಾನೆ.